ಹನ್ನೊಂದನೇ ಅಧ್ಯಾಯ ಬಿಟ್ಟು ಓದುವ ಅತ್ತೆ

ನಮ್ಮ ಅತ್ತೆ ಚರ್ಚಿಗೆ ಎಲ್ಲರಿಗಿಂತ ಮುಂಚೆ ಹೋಗುತ್ತಾರೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾರೆ, ಪ್ರಸಂಗ ಉದ್ದವಾದರೆ ಎಲ್ಲರಿಗಿಂತ ಮೊದಲು ಗಡಿಯಾರ ನೋಡುತ್ತಾರೆ. ಆದರೆ ತಿಂಗಳ ಮೊದಲ ಭಾನುವಾರ, ಪ್ರಭುಭೋಜನದ ಹೊತ್ತಿಗೆ, ಇಡೀ ಸಭೆ ಸಾಲಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವರು ಮಾತ್ರ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದರು. "ನೀವೆಲ್ಲಾ ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೋತೀನಿ" ಅನ್ನುತ್ತಿದ್ದರು. ಬರಬರುತ್ತಾ ಅಕ್ಕಪಕ್ಕದ ಬೆಂಚಿನವರೂ ತಮ್ಮ ಬ್ಯಾಗುಗಳನ್ನು ತಂದು ಅವರ ಮಡಿಲಲ್ಲಿ ಇಡತೊಡಗಿದರು. ರಾಜಾಜಿನಗರದ ನಮ್ಮ ಸಭೆಯ ಮಕ್ಕಳ ಬಾಯಲ್ಲಿ ಅವರ ಹೆಸರು ಬ್ಯಾಗ್ ಅಜ್ಜಿ.

ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದ ಹೊಸದರಲ್ಲಿ ನಾನು ಮಂಡಿನೋವಿರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಅದೇ ಮಂಡಿ ಹಬ್ಬದ ಕ್ಲೀನಿಂಗಿನಲ್ಲಿ ಮಂಚದ ಕೆಳಗೆಲ್ಲ ಹೋಗಿ ಬರುತ್ತಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಕೇಳಿಯೇಬಿಟ್ಟೆ. "ಅವರವರ ವಿಷಯ ಅವರವರಿಗೆ ಗೊತ್ತು ಕಣಮ್ಮ" ಎಂದು ಹುರುಳಿಕಾಯಿ ಬಿಡಿಸುವುದನ್ನು ಮುಂದುವರಿಸಿದರು. ಗಂಡನನ್ನು ಕೇಳಿದರೆ, "ಅಮ್ಮ ಅಂದ್ರೆ ಹಾಗೇ, ಬಿಡು" ಅಂದರು. ಈ ಮನೆಯ ಗಂಡಸರಿಗೆ ಯಾವುದನ್ನೂ ಬಿಡುವುದು ಬಹಳ ಸುಲಭ.

ನಮ್ಮವರಲ್ಲಿ ಒಂದು ಪದ್ಧತಿಯಿದೆ. ಭೋಜನದ ಹಿಂದಿನ ಶನಿವಾರ ಸಂಜೆ ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು. ಯಾರ ಮೇಲೆ ಕೋಪವಿದೆ, ಯಾರಿಗೆ ಏನಂದೆ, ಎಲ್ಲಿ ಸುಳ್ಳು ಹೇಳಿದೆ ಎಂದು ದೇವರ ಮುಂದೆ ಒಪ್ಪಿಕೊಳ್ಳಬೇಕು. ನನ್ನ ಪರೀಕ್ಷೆ ದೋಸೆಹಿಟ್ಟು ರುಬ್ಬಿ ಮುಗಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಅತ್ತೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಅಷ್ಟೆಲ್ಲ ಪರೀಕ್ಷೆ ಮಾಡಿಕೊಂಡವರು ಬೆಳಿಗ್ಗೆ ಬೆಂಚಿನಲ್ಲೇ ಉಳಿಯುತ್ತಿದ್ದರು, ಗ್ರೈಂಡರ್ ಸದ್ದಿನಲ್ಲಿ ಪಾಪ ಅರಿಕೆ ಮಾಡಿದ ನಾನು ಮೊದಲ ಸಾಲಿನಲ್ಲಿರುತ್ತಿದ್ದೆ.

ಕಳೆದ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ವಾರ ಓದುವಂತಿಲ್ಲ, ಬಗ್ಗುವಂತಿಲ್ಲ, ಒಲೆಯ ಹತ್ತಿರ ಹೋಗುವಂತಿಲ್ಲ. ಒಲೆಯದು ಅವರಿಗೆ ದೊಡ್ಡ ಸಂಕಟವಾಗಲಿಲ್ಲ. ಬೈಬಲ್ ಓದದೆ ಇರುವುದು ಮಾತ್ರ ಅವರಿಂದ ಆಗದ ಕೆಲಸ. ಹಾಗಾಗಿ ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೆ ದಿನಕ್ಕೊಂದು ಅಧ್ಯಾಯ ನಾನು ಗಟ್ಟಿಯಾಗಿ ಓದುವುದೆಂದು ತೀರ್ಮಾನವಾಯಿತು.

ಅತ್ತೆಯದು ಹಳೆಯ ಭಾಷಾಂತರ. ಅಕ್ಷರ ಸಾಸಿವೆಯಷ್ಟು ಸಣ್ಣದು, ನನ್ನ ಕನ್ನಡಕಕ್ಕೂ ಜಗ್ಗದು. ನನ್ನದು ಹೊಸದು, ದಪ್ಪಕ್ಷರದ್ದು, ನಾವು ಮಾತಾಡುವುದಕ್ಕೆ ಹತ್ತಿರದ ಕನ್ನಡ. ಮೊದಲ ದಿನವೇ ತಕರಾರು ಶುರುವಾಯಿತು.

"ಇದೇನೇ ಇದು, ಪೇಪರ್ ಓದಿದ ಹಾಗಿದೆ. ದೇವರು ಹೀಗೆಲ್ಲಾ ಮಾತಾಡಲ್ಲ."

"ಮತ್ತೆ ಹೇಗೆ ಮಾತಾಡ್ತಾರೆ ಅತ್ತೆ?"

"ಸ್ವಲ್ಪ ಗತ್ತಲ್ಲಿ."

ಅಲ್ಲೇ ಕೂತು ಫೋನಿನಲ್ಲಿ ಇಂಗ್ಲಿಷ್ ಬೈಬಲ್ ತೆಗೆದಿದ್ದ ಮಗಳು, "ಅಜ್ಜಿ, ಒರಿಜಿನಲ್ ಹೀಬ್ರೂ, ಗ್ರೀಕಲ್ಲಿ ಇರೋದು. ಎಲ್ಲಾ ಟ್ರಾನ್ಸ್‌ಲೇಶನ್ನೇ" ಅಂದಳು. ಅತ್ತೆ ಕಣ್ಣಿನ ಕಪ್ಪು ಕನ್ನಡಕ ಸರಿಮಾಡಿಕೊಂಡು, "ಅವರ ಜೊತೆ ಹಾಗೆ ಮಾತಾಡಿರಬಹುದು. ನನ್ನ ಜೊತೆ ಕನ್ನಡದಲ್ಲೇ ಮಾತಾಡಿದ್ದು" ಎಂದರು.

ಕೊನೆಗೆ ರಾಜಿಯಾಯಿತು. ಹೊಸದರಲ್ಲಿ ಓದುವುದು, ಅತ್ತೆಗೆ ಅನುಮಾನ ಬಂದಲ್ಲಿ ಹಳೆಯದನ್ನು ನಾನು ಕಣ್ಣು ಕಿರಿದು ಮಾಡಿ ನೋಡಿ ಹೇಳುವುದು. ಇದರಿಂದ ನನಗಾದ ಲಾಭ ದೊಡ್ಡದು. ಕೀರ್ತನೆಗಳಲ್ಲಿ ನಾನು ಅರ್ಧ ಓದುವಷ್ಟರಲ್ಲಿ ಹಳೆಯ ಭಾಷಾಂತರ ಅತ್ತೆಯ ಬಾಯಿಂದ ತಾನೇ ಹರಿದು ಬರುತ್ತಿತ್ತು. ಅದರ ಲಯದ ಮುಂದೆ ನನ್ನ ಪುಸ್ತಕ ಸಪ್ಪೆ ಅನಿಸುತ್ತಿತ್ತು. ಪತ್ರಿಕೆಗಳಿಗೆ, ಅಂದರೆ ಆ ಕಾಲದ ಸಭೆಗಳಿಗೆ ಬರೆದ ಕಾಗದಗಳಿಗೆ, ಬಂದರೆ ಕಥೆ ಬೇರೆ. ಹಳೆಯದರ ಉದ್ದುದ್ದ ವಾಕ್ಯದಲ್ಲಿ ಕೊನೆ ಮುಟ್ಟುವ ಹೊತ್ತಿಗೆ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎನ್ನುವುದೇ ನನಗೆ ಮರೆತಿರುತ್ತಿತ್ತು. ಹೊಸದು ಅದನ್ನು ಬಿಡಿಸಿ ಕೈಗೆ ಕೊಡುತ್ತಿತ್ತು. ನಮಗೆ ಮುಖಪರಿಚಯವೂ ಇಲ್ಲದ ಎಷ್ಟು ಜನ, ಎಷ್ಟು ವರ್ಷ, ಒಂದೊಂದು ಮಾತಿಗೆ ತಲೆ ಕೆಡಿಸಿಕೊಂಡು ಕೂತಿದ್ದರೋ ಎಂದು ನನಗೆ ಮೊದಲ ಸಲ ಅನಿಸಿತು. ಅವರೆಲ್ಲರಿಗೂ ಒಂದು ದೊಡ್ಡ ವಂದನೆ ಹೇಳಬೇಕು ಅನಿಸಿತು, ಹೇಳಿದೆ ಕೂಡ.

ಹೀಗೆ ಓದುತ್ತಾ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಗೆ ಬಂದೆವು. ಹತ್ತನೇ ಅಧ್ಯಾಯ ಮುಗಿದ ಮರುದಿನ ನಾನು ಪುಸ್ತಕ ತೆಗೆದರೆ ಅತ್ತೆ, "ಹನ್ನೆರಡು ಓದು" ಅಂದರು.

"ಹನ್ನೊಂದು ಏನ್ ಮಾಡ್ತು ಪಾಪ?"

"ಹನ್ನೆರಡು ಓದು ಅಂದ್ನಲ್ಲ."

ಧ್ವನಿಯಲ್ಲಿ ಏನೋ ಇತ್ತು. ಮಗಳು ಮೆಲ್ಲಗೆ ಎದ್ದು ಹೋದಳು. ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತರೆ ಎದುರಿನವರಿಗೆ ಗಾಬರಿಯಾಗುತ್ತದೆ. ಅತ್ತೆಗೂ ಆಗಿರಬೇಕು, ಹೇಳತೊಡಗಿದರು.

ಆಗ ಅವರು ಸುಂಕದಕಟ್ಟೆಯಲ್ಲಿದ್ದರು. ಒಂದೇ ವಠಾರದಲ್ಲಿ ಅಣ್ಣ ತಮ್ಮಂದಿರ ಎರಡು ಸಂಸಾರ, ಬೀದಿಯಲ್ಲಿ ಒಂದು ನಲ್ಲಿ. ಒಂದು ಶನಿವಾರ ನೀರಿಗಾಗಿ ಓರಗಿತ್ತಿಯ ಜೊತೆ, ಅಂದರೆ ಮೈದುನನ ಹೆಂಡತಿಯ ಜೊತೆ, ದೊಡ್ಡ ಜಗಳವಾಯಿತು. ಅತ್ತೆ ಆಡಬಾರದ ಮಾತು ಆಡಿದರು. ಮರುದಿನ ಭೋಜನದ ಭಾನುವಾರ. ಎದೆಯಲ್ಲಿ ಆ ಕೋಪ ಇಟ್ಟುಕೊಂಡೇ ಹೋಗಿ ಮೊಣಕಾಲೂರಿ ರೊಟ್ಟಿ ತೆಗೆದುಕೊಂಡರು. ಮುಂದಿನ ಭೋಜನ ಬರುವುದರೊಳಗೆ ಫ್ಯಾಕ್ಟರಿಗೆ ಹೋಗಿದ್ದ ನಮ್ಮ ಮಾವ ಎದೆನೋವು ಬಂದು ತೀರಿಕೊಂಡರು.

ಹನ್ನೊಂದನೇ ಅಧ್ಯಾಯದ ಆ ವಚನ ಅತ್ತೆಗೆ ಸಂಡೇಸ್ಕೂಲಿನಿಂದ ಬಾಯಿಪಾಠ. ಅಯೋಗ್ಯವಾಗಿ ಆ ರೊಟ್ಟಿ ತಿಂದವರು ತಮಗೆ ತಾವೇ ತೀರ್ಪು ತಂದುಕೊಳ್ಳುತ್ತಾರೆ, ಆ ಕಾರಣದಿಂದಲೇ ನಿಮ್ಮಲ್ಲಿ ಕೆಲವರು ರೋಗಿಗಳಾಗಿದ್ದಾರೆ, ಕೆಲವರು ಸತ್ತಿದ್ದಾರೆ ಎಂಬ ಅರ್ಥದ ಮಾತು.

"ನಾನು ತಿಂದಿದ್ದಕ್ಕೆ ಅವರು ಹೋದ್ರು ಕಣೇ," ಅಂದರು ಅತ್ತೆ. "ನಿನ್ನ ಗಂಡಂಗೂ ಹೇಳಿಲ್ಲ. ಹೇಗೆ ಹೇಳ್ಲಿ?"

ನನಗೆ ಅಳು ಬಂತು, ಅದರ ಜೊತೆಗೇ ಕೆಟ್ಟ ಕೋಪವೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಈ ಹೆಂಗಸು ತನ್ನ ಗಂಡನನ್ನು ತಾನೇ ಕೊಂದೆನೆಂದು ನಂಬಿ, ಹಾಗೆಂದುಕೊಂಡೇ ಹಾಡು ಹೇಳಿ, ಮಗನನ್ನು ಬೆಳೆಸಿ, ನನ್ನ ಬಾಣಂತನ ಮಾಡಿದ್ದರು.

ಆ ಸಂಜೆ ಅಡುಗೆ ಮಾಡುವುದು ಬಿಟ್ಟು ನಾನು ಭಾಷಾಂತರಗಳನ್ನು ಹುಡುಕಿದೆ. ಸೀರೆ ಅಂಗಡಿಯಲ್ಲಿ ಇದು ಬೇಡ, ಸ್ವಲ್ಪ ತಿಳಿ ಬಣ್ಣದ್ದು ತೋರಿಸಿ ಅನ್ನುವ ಹಾಗೆ, ಎಲ್ಲಾದರೂ ಆ ವಚನ ಮೆತ್ತಗೆ ಇದ್ದೀತೇ ಎಂದು ನೋಡಿದೆ. ಹಳೆಯದರಲ್ಲಿ ಇತ್ತು. ನನ್ನ ಹೊಸದರಲ್ಲಿ ಇನ್ನೂ ನೇರವಾಗಿ ಇತ್ತು. ಮಗಳ ಫೋನಿನ ಇಂಗ್ಲಿಷಿನಲ್ಲೂ ಇತ್ತು. ಕೆಲವರು ಸತ್ತಿದ್ದಾರೆ ಎಂಬ ಮಾತನ್ನು ಯಾರೂ ಕೈಬಿಟ್ಟಿರಲಿಲ್ಲ. ಭಾಷಾಂತರ ಮಾಡಿದವರ ಮೇಲೆ ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಯೋಚಿಸಿದರೆ ಅದಕ್ಕೂ ಕೃತಜ್ಞಳಾಗಿದ್ದೇನೆ. ನನ್ನಂಥವರ ಅನುಕೂಲಕ್ಕೆ ಅವರು ಒಂದು ಸಾಲನ್ನೂ ಅತ್ತಿತ್ತ ಸರಿಸಿರಲಿಲ್ಲ. ಹಾಗಾಗಿ ಉಳಿದ ಸಾಲುಗಳನ್ನೂ ನಂಬಬಹುದು ಅನಿಸಿತು. ಬೇರೆ ದಾರಿ ಕಾಣದೆ ಅಧ್ಯಾಯದ ಆ ಭಾಗವನ್ನು ಮೊದಲಿನಿಂದ ಓದಿದೆ.

ಮರುದಿನ ಕಾಫಿ ಆದ ಮೇಲೆ, "ಅತ್ತೆ, ಇವತ್ತು ಹನ್ನೊಂದೇ. ಬೈದ್ರೂ ಪರವಾಗಿಲ್ಲ" ಎಂದು ಶುರುಮಾಡಿದೆ. ಅತ್ತೆ ಕೈಯಲ್ಲಿ ಸೆರಗು ಸುತ್ತುತ್ತಾ ಕೂತರು. ಕೊರಿಂಥದ ಸಭೆಯವರು ಊಟಕ್ಕೆ ಸೇರುತ್ತಿದ್ದುದು, ಉಳ್ಳವರು ತಮ್ಮ ಬುತ್ತಿ ತಾವು ಬಿಚ್ಚಿ ಮೊದಲೇ ತಿಂದು ಕುಡಿದು ಬಿಡುತ್ತಿದ್ದುದು, ಇಲ್ಲದವರು ಹಸಿದು ನಾಚಿಕೆಯಿಂದ ಕೂರುತ್ತಿದ್ದುದು, ಅದಕ್ಕೆ ಪತ್ರಿಕೆ ಬರೆದ ಅಪೊಸ್ತಲ ಕೆಂಡವಾಗಿದ್ದುದು, ಅಲ್ಲಿಯವರೆಗೆ ಓದಿದ್ದೆ.

"ನಿಲ್ಲು. ಇದು ಎಲ್ಲಿದೆ?"

"ಇಲ್ಲೇ. ಹನ್ನೊಂದರಲ್ಲೇ. ಆ ವಚನಕ್ಕಿಂತ ಮುಂಚೆ."

"ನಿನ್ನ ಹೊಸದರಲ್ಲಿ ಸೇರಿಸಿದಾರೆ."

ಅವರ ಹಳೆಯ ಪುಸ್ತಕ ತಂದು ಕಿಟಕಿಯ ಬೆಳಕಿಗೆ ಹಿಡಿದು ತಡವರಿಸುತ್ತಾ ಅದನ್ನೇ ಓದಿದೆ. ಅತ್ತೆ ಬಾಯಿ ತೆರೆದುಕೊಂಡು ಕೇಳಿಸಿಕೊಂಡರು. ಚರ್ಚಿನಲ್ಲಿ ಭೋಜನದ ದಿನ ಓದುವುದು ಯಾವಾಗಲೂ ಸ್ವಾಮಿಯನ್ನು ಹಿಡಿದುಕೊಟ್ಟ ರಾತ್ರಿಯ ಸಾಲಿನಿಂದ. ಅದಕ್ಕಿಂತ ಹಿಂದಿನದನ್ನು ಯಾರೂ ಓದುವುದಿಲ್ಲ. ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು ಹೆದರಿಕೆಯ ವಚನವನ್ನು ಮಾತ್ರ. ಆಮೇಲೆ ಹೆದರಿಕೆಯಿಂದ ಅತ್ತೆ ಆ ಅಧ್ಯಾಯವನ್ನೇ ತೆರೆದಿರಲಿಲ್ಲ.

"ಹಾಗಾದ್ರೆ ಬೈದಿದ್ದು ಹಸಿದವರನ್ನ ಬಿಟ್ಟು ತಿಂದವರಿಗೆ," ಎಂದು ನಿಧಾನವಾಗಿ ಹೇಳಿದರು. ಆಮೇಲೆ ವಕೀಲರ ಹಾಗೆ ಕೇಳಿದರು, "ಪರೀಕ್ಷೆ ಮಾಡ್ಕೊಂಡು ಊಟ ಬಿಡ್ಲಿ ಅಂತ ಎಲ್ಲಾದ್ರೂ ಇದೆಯಾ ನೋಡು."

ಹಳೆಯದು, ಹೊಸದು, ಇಂಗ್ಲಿಷ್, ಮೂರರಲ್ಲೂ ನೋಡಿದೆ. ಪರೀಕ್ಷಿಸಿಕೊಂಡು ತಿನ್ನಲಿ ಅಂತಲೇ ಇತ್ತು.

"ಆ ಸಾಲು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅದೂ ಇದೆ ಅತ್ತೆ, ಮೂರರಲ್ಲೂ ಇದೆ. ಅದು ನಿಮ್ಮ ಬಗ್ಗೆ ಬರೆದಿದ್ದು ಅಂತ ಮಾತ್ರ ಮೂರರಲ್ಲೂ ಇಲ್ಲ."

ಅತ್ತೆ ಅತ್ತರು. ಆಪರೇಷನ್ ಆದ ಕಣ್ಣು, ಅಳಬಾರದು ಎಂದು ಗದರುತ್ತಾ ನಾನೂ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಆದ್ರೆ ಅವಳ ಹತ್ರ ನಾನು ಇವತ್ತಿನವರೆಗೂ ಒಂದು ಮಾತು ಕೇಳ್ಕೊಂಡಿಲ್ಲ" ಅಂದರು. ಓರಗಿತ್ತಿ ಈಗ ಕೆಂಗೇರಿಯಲ್ಲಿದ್ದಾರೆ. ಮದುವೆ, ಸಾವಿನ ಮನೆಗಳಲ್ಲಿ ಸಿಕ್ಕರೆ "ಚೆನ್ನಾಗಿದೀಯಾ?" ಎಂಬಲ್ಲಿಗೆ ಅವರಿಬ್ಬರ ಮಾತು ಮುಗಿಯುತ್ತಿತ್ತು.

ಕಣ್ಣು ಗುಣವಾದ ಮೇಲೆ, ಭೋಜನದ ಹಿಂದಿನ ಶನಿವಾರ, ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಅತ್ತೆ ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಅಲ್ಲಿ ಹೋಗಿ, ಕೊಟ್ಟ ನೀರನ್ನೂ ಕುಡಿಯದೆ, ಎಲ್ಲವನ್ನೂ ಹೇಳಿದರು. ಕೆಂಗೇರಿ ಚಿಕ್ಕತ್ತೆ ಬಹಳ ಹೊತ್ತು ಯೋಚಿಸಿದರು.

"ಯಾವ ಜಗಳ ಅಕ್ಕಾ? ನಾವು ದಿನಾ ಆಡ್ತಿದ್ವಲ್ಲ."

"ನಲ್ಲಿ ಹತ್ರ. ಅವರು ಹೋಗೋಕ್ಕೆ ಮುಂಚೆ. ನಾನು ನಿಂಗೆ ಕೆಟ್ಟ ಮಾತು ಅಂದೆ. ಅದಕ್ಕೇ ಅವರು ಹೋದ್ರು ಅಂತ..."

"ಅಯ್ಯೋ ನಿನ್ನ! ನೀರಿಗೆ ಜಗಳ ಆಡಿದ್ದಕ್ಕೆ ಗಂಡ ಹೋಗೋ ಹಾಗಿದ್ರೆ ಸುಂಕದಕಟ್ಟೆಲಿ ಒಬ್ಬ ಗಂಡಸೂ ಉಳೀತಿರ್ಲಿಲ್ಲ."

ನಾನು ನಕ್ಕುಬಿಟ್ಟೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ, ತಾವೂ ನಕ್ಕರು. ಆ ನಗು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಕೊನೆಗಾದರೂ ಅದನ್ನು ಕೇಳುವ ಭಾಗ್ಯ ಕೊಟ್ಟೆಯಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಸ್ತೋತ್ರ ಹೇಳಿದೆ.

ಮರುದಿನ ಭೋಜನದ ಹೊತ್ತಿಗೆ ನಮ್ಮ ಸಾಲು ಎದ್ದಾಗ ಅತ್ತೆಯೂ ಎದ್ದರು. ಹಿಂದಿನ ಬೆಂಚಿನಲ್ಲಿ ಗುಸುಗುಸು ಆಯಿತು, ನನ್ನ ಗಂಡ ಕಣ್ಣು ಬಿಟ್ಟುಕೊಂಡು ನಿಂತರು. ಮುಂದೆ ಹೋಗಿ ಮೊಣಕಾಲೂರಿದೆವು, ನಾನು ಅತ್ತೆಯ ಪಕ್ಕದಲ್ಲಿ. ಸಭಾಪಾಲಕರು ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಅಂಗೈಯಲ್ಲಿ ತೆಳ್ಳನೆಯ ರೊಟ್ಟಿಯ ಬಿಲ್ಲೆ ಇಟ್ಟರು. ಇಟ್ಟ ಕೂಡಲೇ ಬಾಯಿಗೆ ಹಾಕಿಕೊಳ್ಳುವುದು ರೂಢಿ. ಅತ್ತೆ ಹಾಕಿಕೊಳ್ಳಲಿಲ್ಲ. ಅಂಗೈ ಬಿಚ್ಚಿದ ಹಾಗೇ ಇತ್ತು. ಮತ್ತೆ ಹೆದರಿದರು, ಎದ್ದು ಹೋಗಿಬಿಡುತ್ತಾರೆ ಅಂದುಕೊಂಡೆ.

"ಅತ್ತೆ, ತಿನ್ನಿ," ಎಂದು ಪಿಸುಗುಟ್ಟಿದೆ.

ಅವರು ಕತ್ತು ಚಾಚಿ ಸಾಲಿನ ತುದಿಯನ್ನು ನೋಡುತ್ತಿದ್ದರು. "ಇರು, ಆ ಹುಡುಗಿಗೆ ಇನ್ನೂ ಕೊಟ್ಟಿಲ್ಲ."

ನೋಡಿದೆ. ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಮಗುವನ್ನು ಎತ್ತಿಕೊಂಡು ತಡವಾಗಿ ಬಂದು ಕೊನೆಯಲ್ಲಿ ಮೊಣಕಾಲೂರಿದ್ದಳು. ಅವಳು ಕೂರುವುದರೊಳಗೆ ಸಭಾಪಾಲಕರು ಅಲ್ಲಿಂದ ತಿರುಗಿ ಬಂದಿದ್ದರು. ಅವಳ ಖಾಲಿ ಅಂಗೈ ಹಾಗೇ ಮುಂದಿತ್ತು. ಅತ್ತೆ ನೋಡುತ್ತಿದ್ದ ಕಡೆ ಸಭಾಪಾಲಕರೂ ನೋಡಿದರು, ವಾಪಸು ಹೋಗಿ ಅವಳಿಗೂ ಒಂದು ಬಿಲ್ಲೆ ಕೊಟ್ಟು ಬಂದರು. ಆಮೇಲೆ ಅತ್ತೆ ತಮ್ಮದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ನನ್ನದು ಆಗಲೇ ಬಾಯಲ್ಲಿ ಕರಗಿಹೋಗಿತ್ತು.