ನಿಂತಲ್ಲೇ ಓಡಿದ ಎಂಜಿನ್

ಆ ಶುಕ್ರವಾರ ಬೆಳಿಗ್ಗೆ ದೋಣಿಯಲ್ಲಿ ನಾವು ನಾಲ್ಕು ಜನ ಇದ್ದೆವು. ದೋಣಿ ನಡೆಸುವ ನಾನು, ಪನಮರಂನಿಂದ ಮೊದಲ ಬಸ್ಸು ಹಿಡಿದು ಬಂದಿದ್ದ ಮೆಕ್ಯಾನಿಕ್, ದೋಣಿ ನಿಲ್ಲುವ ಜೆಟ್ಟಿಯ ಉಸ್ತುವಾರಿ ನೋಡುವ ಸಾರ್. ಇನ್ನು ನಾಲ್ಕನೆಯವಳು, ಯಾರೂ ಕರೆಯದೆ ಬಂದು ಮುಂದಿನ ಹಲಗೆಯ ಮೇಲೆ ಕೂತಿದ್ದ ಅವ್ವ. ಅವ್ವ ಎಂದರೆ ನನ್ನ ತಾಯಿಯಲ್ಲ. ಕಾಡಿನ ಹಾಡಿಯವಳು. ಹಿನ್ನೀರಿನ ಆಚೆ ದಡದಲ್ಲಿ ಒಂದು ಸಸಿತೋಟವಿದೆ, ಅಲ್ಲಿ ಕಳೆ ಕೀಳುವ ಎಂಟು ಹೆಂಗಸರಿಗೆ ಅವಳೇ ಹಿರಿಯಳು. ಬೆಳಿಗ್ಗೆ ಎಂಟಕ್ಕೆ ಅವರನ್ನು ಆಚೆಗೆ ದಾಟಿಸುವುದು, ಸಂಜೆ ನಾಲ್ಕಕ್ಕೆ ಈಚೆಗೆ ತರುವುದು, ನನ್ನ ಕೆಲಸ ಇಷ್ಟೇ. ದೋಣಿ ಇಲ್ಲವೆಂದರೆ ಅವರು ಆನೆ ಓಡಾಡುವ ಕಾಡು ಸುತ್ತಿ ಬರಬೇಕು. ಹಾಗಾಗಿ ದೋಣಿಗೆ ಏನಾಗಿದೆ ಎಂದು ನೋಡುವ ಹಕ್ಕು ತನಗೂ ಇದೆ ಎಂದು ಅವ್ವ ಬಂದು ಕೂತಿದ್ದಳು.

ಓಣಂ ಕಳೆದ ಮೇಲೆ ಎಂಜಿನ್ ಬಿಸಿಯಾಗತೊಡಗಿತ್ತು. ನಮ್ಮದು ಹಿಂದೆ ಮೋಟಾರು ನೇತುಹಾಕುವ ದೋಣಿಯಲ್ಲ. ಇದರ ಡೀಸೆಲ್ ಎಂಜಿನ್ ದೋಣಿಯ ಹೊಟ್ಟೆಯೊಳಗೇ ಕೂತಿದೆ, ಮೇಲೊಂದು ಮರದ ಮುಚ್ಚಳ. ಹೊರಗಿನ ನೀರನ್ನೇ ಕುಡಿದು ಮೈ ತಣ್ಣಗೆ ಮಾಡಿಕೊಂಡು, ಆ ನೀರನ್ನು ಹೊಗೆಯ ಜೊತೆ ಹಿಂದಿನಿಂದ ಗೊಳಗೊಳ ಎಂದು ಉಗುಳುತ್ತದೆ. ಆರೋಗ್ಯವಾಗಿದ್ದಾಗ ಅದರ ಸದ್ದು ಬೆಳಗಿನ ಹೊತ್ತು ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ಈಗ ಮುಕ್ಕಳಿಸುವುದು ನಿಂತು ಉಬ್ಬಸ ಶುರುವಾಗಿತ್ತು. ಹಿನ್ನೀರಿನ ನಡುಮಧ್ಯಕ್ಕೆ ಬಂದು ಸ್ವಲ್ಪ ಜೋರು ಕೊಟ್ಟರೆ ಒಳಗೆಲ್ಲೋ ಗುದ್ದಿದಂತೆ ಸದ್ದು, ಕಪ್ಪು ಹೊಗೆ, ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗೆ. ಎರಡು ಸಲ ಹೆಂಗಸರನ್ನು ಕೂರಿಸಿಕೊಂಡು ನಡುನೀರಿನಲ್ಲಿ ಎಂಜಿನ್ ತಣಿಯುವವರೆಗೆ ಕಾದಿದ್ದೆ.

ಸಾರ್ ಖಡಾಖಂಡಿತವಾಗಿ ಹೇಳಿದ್ದರು. ಶನಿವಾರದೊಳಗೆ ಸರಿಯಾಗದಿದ್ದರೆ ಈ ದೋಣಿಯನ್ನು ದಡಕ್ಕೆ ಎಳೆಸಿ ಬೇರೆ ಫೈಬರ್ ದೋಣಿ ತರಿಸುತ್ತಾರೆ, ಅದರ ಜೊತೆ ಅದರ ಡ್ರೈವರೂ ಬರುತ್ತಾನೆ. ನನಗೆ ಹೋಗಲು ಮನೆ ಇಲ್ಲವೆಂದಲ್ಲ. ಬೇಗೂರಿನ ಕಡೆ ತಮ್ಮನ ಸಂಸಾರವಿದೆ, ನನಗೊಂದು ಕೋಣೆಯೂ ಇದೆ. ಆದರೆ ಆ ಕೋಣೆಯಲ್ಲಿ ಕೂರಲಾಗದೆ ತಾನೇ ನಾನು ಈ ಕೆಲಸ ಹುಡುಕಿಕೊಂಡು ಬಂದದ್ದು.

ಅದನ್ನೂ ಹೇಳಿಬಿಡಬೇಕು. ನಮ್ಮವರು ಮುತ್ತಜ್ಜನ ಕಾಲಕ್ಕೇ ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಶಾಲೆಯಲ್ಲಿ ನಾನು ಕಲಿತದ್ದು ಮಲಯಾಳ. ಕನ್ನಡ ಕಲಿಸಿದವರು ಅಜ್ಜಿ, ಅವಳ ಇಬ್ಬರು ತಮ್ಮಂದಿರು, ಮತ್ತು ರಾತ್ರಿ ಊಟವಾದ ಮೇಲೆ ಒಲೆಯ ಸುತ್ತ ಮುಗಿಯದಂತೆ ನಡೆಯುತ್ತಿದ್ದ ಅವರ ಜಗಳ. ಆ ಹಿರಿಯರೆಲ್ಲ ಹೋದ ಮೇಲೆ ನಾನು ಆ ಮಾತು ಆಡುತ್ತಿದ್ದುದು ಹೆಂಡತಿಯ ಜೊತೆ ಮಾತ್ರ. ಅವಳೂ ಹೋದಳು. ತಮ್ಮನ ಮಕ್ಕಳು ಒಳ್ಳೆಯವರೇ, ಆದರೆ ಮಲಯಾಳದಲ್ಲಿ ಒಳ್ಳೆಯವರು. ಊಟಕ್ಕೆ ಕರೆಯುತ್ತಾರೆ, ಔಷಧಿ ತಂದುಕೊಡುತ್ತಾರೆ. ನನಗೆ ಬೇಕಾದದ್ದು ಇಷ್ಟೇ: "ಥೂ, ಇವತ್ತು ಸಾರಿಗೆ ಉಪ್ಪೇ ಇಲ್ಲ" ಅಂದರೆ "ನಿಮ್ಮ ನಾಲಗೆಗೆ ಏನು ಬಂದಿದೆ" ಎಂದು ತಿರುಗಿ ಹೇಳುವವರು.

ಸರಿ, ಎಂಜಿನ್ನಿಗೆ ಬರೋಣ.

ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ದೊಡ್ಡವನು. ಇಲ್ಲಿ ಹಿರಿಯರನ್ನೆಲ್ಲ ಕರೆಯುವಂತೆ ನಾನೂ ಅವನನ್ನು ಚೇಟ ಎಂದೇ ಕರೆದೆ. ಗದ್ದೆಯ ಪಂಪ್‌ಸೆಟ್, ಟಿಲ್ಲರ್ ರಿಪೇರಿ ಮಾಡಿಕೊಂಡೇ ವಯಸ್ಸಾದವನು. ಅವನ ತಾಯಿಯ ಕಡೆಯವರು ಗಡಿಯಾಚೆಯವರಾದ್ದರಿಂದ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಲ್ಲಿ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡ.

"ಏನ್ ಹೇಳ್ತದೆ?" ಎಂದಳು ಅವ್ವ.

"ಹೊಟ್ಟೆ ಚೆನ್ನಾಗಿದೆ ಅಂತದೆ. ಗಂಟ್ಲು ಹಿಡಿದದೆ ಅಂತದೆ."

"ನಮ್ಮ ಹಾಡೀಲಿ ಗಂಟ್ಲು ಹಿಡಿದ್ರೆ ಕರಿಮೆಣಸು ಕೊಡ್ತೀವಿ."

"ನೀ ಸುಮ್ಕೆ ಕೂತ್ಕೊ ಅವ್ವ. ನನ್ನ ಕೆಲ್ಸ ನಂಗೆ ಮಾಡೋಕೆ ಬಿಡು."

ಮೊದಲು ನೀರು ಎಳೆಯುವ ಕಡೆಯ ಜಾಲರಿ ಬಿಚ್ಚಿದ. ಪಾಚಿ ಇಲ್ಲ, ಎಲೆ ಇಲ್ಲ. ಬೆಲ್ಟ್ ಒತ್ತಿ ನೋಡಿದ, ಬಿಗಿಯಾಗಿತ್ತು. ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ ತೆಗೆದು ಒಂದೊಂದು ಹಲ್ಲನ್ನೂ ಬಗ್ಗಿಸಿದ, ಒಂದೂ ಮುರಿದಿರಲಿಲ್ಲ. ಆಮೇಲೆ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಕಳಚಿ, ಜೆಟ್ಟಿಯ ಪಕ್ಕದ ನನ್ನ ಕೋಣೆಯ ಚಾಯದ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಹಾಕಿದ. ಬಿಸಿಗೆ ಅದು ಮೆಲ್ಲಗೆ ಬಾಯಿ ತೆರೆಯಿತು.

"ಇದೂ ಸರಿ ಇದೆ," ಎಂದ. ಅವ್ವ ಪಾತ್ರೆಯೊಳಗೆ ಇಣುಕಿ, "ಇನ್ನು ಇದ್ರಲ್ಲಿ ಚಾಯ ಕೊಟ್ರೆ ನಾ ಕುಡಿಯಲ್ಲ ಮಗಾ," ಎಂದು ನನಗೆ ಹೇಳಿದಳು.

ಹನ್ನೊಂದು ಗಂಟೆಯಾಯಿತು. ಸಾರ್ ಮೂರು ಸಲ ಗಡಿಯಾರ ನೋಡಿದರು. ಒಂದೊಂದು ಭಾಗ ಸರಿ ಇದೆ ಎಂದು ಅವನು ಹೇಳಿದಾಗಲೂ ನಾನು ದಡದ ಕಡೆಗೊಮ್ಮೆ ನೋಡುತ್ತಿದ್ದೆ. ಎಲ್ಲ ಸರಿ ಇದ್ದೂ ಎಂಜಿನ್ ಸರಿ ಇಲ್ಲವೆಂದರೆ ದಡಕ್ಕೆ ಎಳೆಯುವುದೊಂದೇ ಉಳಿದದ್ದು.

ಕೊನೆಗೆ ಅವನು ಹಿಂದಕ್ಕೆ ಹೋಗಿ, ಹೊಗೆಯೂ ನೀರೂ ಕೂಡಿಕೊಂಡು ಹೊರಗೆ ಹೋಗುವ ಕಡೆಯ ಮೊಣಕೈಯಂಥ ಕಬ್ಬಿಣದ ತುಂಡಿಗೆ ಕೈ ಹಾಕಿದ. ಅದರ ನಟ್ಟುಗಳು ತುಕ್ಕು ಹಿಡಿದು ಒಂದು ಗಂಟೆ ಸತಾಯಿಸಿದವು. ಬಿಚ್ಚಿ, ಬಿಸಿಲಿಗೆ ಹಿಡಿದು ಒಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಮೂರು ಬೆರಳು ಸಲೀಸಾಗಿ ಹೋಗಬೇಕಾದ ತೂತಿನಲ್ಲಿ ಅವನ ಕಿರುಬೆರಳೂ ಹೋಗಲಿಲ್ಲ. ಒಳಗೆಲ್ಲ ಕಲ್ಲಿನಂತೆ ಗಟ್ಟಿಯಾದ ಕರಿ.

"ತಮ್ಮಾ," ಎಂದ. ಮಲಯಾಳದಲ್ಲಲ್ಲ, ನಮ್ಮ ಮಾತಿನಲ್ಲಿ. ದನಿ ತಗ್ಗಿಸಿದ್ದ. "ಓಡೋ ಎಂಜಿನ್ನಿಗೆ ಇಷ್ಟು ಕರಿ ಕಟ್ಟಲ್ಲ. ಇದು ನಿಂತಲ್ಲೇ ಓಡಿದ್ದು. ದಿನಾ, ಗಂಟೆಗಟ್ಟಲೆ, ಸಣ್ಣಕೆ. ಯಾರ್ ಓಡಿಸ್ತಿದ್ದದ್ದು?"

ನಿಂತಲ್ಲೇ ಓಡಿಸಿದರೆ ಹೀಗಾಗುತ್ತದೆ ಎಂದು ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ, ನಂಬಿ. ಹೆಂಗಸರನ್ನು ಆಚೆ ದಡದಲ್ಲಿ ಇಳಿಸಿ ಅವರು ಗುಡ್ಡ ಹತ್ತಿ ಹೋದ ಮೇಲೆ ಅಲ್ಲೇ ಕಟ್ಟಿಕೊಂಡು ಕಾಯುವವನು ನಾನು. ಎಂಜಿನ್ ಆರಿಸಿದರೆ ಆ ಹಿನ್ನೀರಿನಲ್ಲಿ ಒಂದು ಮೌನ ಬಂದು ಕೂರುತ್ತದೆ. ಒಣಗಿದ ಮರಗಳ ತುದಿಗಳು ನೀರಿನಿಂದ ಮೇಲೆ ನಿಂತಿರುತ್ತವೆ, ಒಂದು ನೀರುಕಾಗೆ ರೆಕ್ಕೆ ಒಣಗಿಸುತ್ತಿರುತ್ತದೆ, ಅಷ್ಟೇ. ಮೊದಲ ವಾರವೇ ನಾನು ಸೋತಿದ್ದೆ. ಆಮೇಲೆ ಆರಿಸುವುದನ್ನೇ ಬಿಟ್ಟೆ. ಸಣ್ಣಗೆ ಗೊಳಗೊಳ ಎನ್ನುತ್ತಿರಲಿ ಎಂದು ಬಿಟ್ಟು, ಮುಚ್ಚಳದ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ. "ಇವತ್ತೂ ಉಪ್ಪು ಕಮ್ಮಿ" ಎಂದು ಅದಕ್ಕೆ ಹೇಳುತ್ತಿದ್ದೆ. ಎರಡು ವರ್ಷ ಅದು ನನ್ನ ಮಾತು ಕೇಳಿತ್ತು. ಕೇಳಿ ಕೇಳಿ ಗಂಟಲು ಕಟ್ಟಿಕೊಂಡಿತ್ತು.

"ಏನು? ಏನಂತಾನೆ ಅವನು?" ಸಾರ್ ಮಲಯಾಳದಲ್ಲಿ ನನ್ನನ್ನೇ ಕೇಳಿದರು. ಅವರಿಗೆ ಕನ್ನಡ ಬಾರದು. ಉತ್ತರ ಹೇಳುವುದನ್ನು ಮೆಕ್ಯಾನಿಕ್ ಬೇಕೆಂದೇ ನನಗೆ ಬಿಟ್ಟಿದ್ದ. ಹಳೆಯ ಎಂಜಿನ್, ಕರಿ ಕಟ್ಟಿದೆ ಅಂತಾನೆ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲೆಂದು ಬಾಯಿ ತೆರೆದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ದೋಣಿ ನಡುನೀರಿನಲ್ಲಿ ನಿಂತಾಗ ಒಳಗೆ ಕೂತಿದ್ದವಳು ಅವಳು.

"ನಿಂತಲ್ಲೇ ಓಡಿಸಿದ್ದಕ್ಕೆ ಹೀಗಾಗಿದೆ ಅಂತಾನೆ ಸಾರ್. ಓಡಿಸಿದ್ದು ನಾನೇ."

"ಯಾಕೆ?"

ಬುತ್ತಿಯ ಉಪ್ಪಿನ ಸುದ್ದಿ ಎಂಜಿನ್ನಿಗೆ ಹೇಳುತ್ತಿದ್ದೆ ಎಂದು ಇವರಿಗೆ ಹೇಗೆ ಹೇಳುವುದು? "ಬ್ಯಾಟರಿ..." ಎಂದು ತಡವರಿಸಿದೆ.

"ಬ್ಯಾಟರಿ ವೀಕು ಸಾರ್," ಎಂದ ಮೆಕ್ಯಾನಿಕ್, ಈಗ ಚೊಕ್ಕ ಮಲಯಾಳದಲ್ಲಿ. "ಆಚೆ ದಡದಲ್ಲಿ ಆರಿಸಿದ್ರೆ ಮತ್ತೆ ಹತ್ತದಿದ್ರೆ ಅಂತ ಹೆದರಿಕೆ. ಅದನ್ನೂ ಬದಲಾಯಿಸಿಬಿಡಿ."

ಸಾರ್ ನಮ್ಮಿಬ್ಬರನ್ನೂ ಸರದಿಯಂತೆ ನೋಡಿದರು. ಅವರು ನಂಬಿದರು ಎಂದು ನಾನು ಈಗಲೂ ಹೇಳಲಾರೆ. "ಬ್ಯಾಟರಿ ತರಿಸ್ತೇನೆ. ಆಮೇಲೆ ಆ ದಡದಲ್ಲಿ ಎಂಜಿನ್ ಸದ್ದು ಕೇಳಿದರೆ ಕೀ ತಂದು ನನ್ನ ಮೇಜಿನ ಮೇಲೆ ಇಡು," ಎಂದು ಎದ್ದು ಹೋದರು.

ಉಳಿದ ದಿನವೆಲ್ಲ ಮೆಕ್ಯಾನಿಕ್ ಉಳಿಯಿಂದ ಕರಿ ಕೆತ್ತಿದ. ಅವನು ಕೆತ್ತಿದ್ದನ್ನು ನಾನು ಬಳಿದು ಎಸೆಯುತ್ತಾ, ಬುತ್ತಿಯ ಹೊತ್ತಿನ ಮಾತುಕತೆಯನ್ನೆಲ್ಲ ಅವನಿಗೆ ಹೇಳಿದೆ. ಹೊರಡುವಾಗ ಕೈ ಒರೆಸಿಕೊಳ್ಳುತ್ತಾ, "ಮಾತಾಡೋಕೆ ಎಂಜಿನ್ನೇ ಬೇಕಿತ್ತಾ ತಮ್ಮಾ? ನಮ್ಮ ಕಡೆ ಬಾ. ನನ್ನ ಹೆಂಡ್ತಿ ಬೈಯೋಕೆ ಶುರು ಮಾಡಿದ್ರೆ ನಿಂಗೆ ಈ ಹಿನ್ನೀರೇ ವಾಸಿ ಅನಿಸ್ತದೆ," ಎಂದು ನಕ್ಕ. ನಾನೂ ನಕ್ಕೆ. ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ಸೋಮವಾರ ಹೊಸ ಬ್ಯಾಟರಿಯೊಂದಿಗೆ ದಾಟಿದೆವು. ಮುಳ್ಳು ಹಸಿರಿನಲ್ಲೇ ನಿಂತಿತ್ತು. ಹೆಂಗಸರು ಇಳಿದು ಗುಡ್ಡ ಹತ್ತಿದರು. ನಾನು ಎಂಜಿನ್ ಆರಿಸಿದೆ.

ಬುತ್ತಿಯ ಗಂಟನ್ನೂ ಬಿಚ್ಚಿರಲಿಲ್ಲ, ಮೇಲಿಂದ ಕೂಗು ಕೇಳಿಸಿತು. ಎಂಟೂ ಜನ ಸೀರೆ ಎತ್ತಿ ಕಟ್ಟಿಕೊಂಡು ಕಲ್ಲು ಮುಳ್ಳು ನೋಡದೆ ಓಡಿ ಇಳಿಯುತ್ತಿದ್ದರು. ಅವರ ಹಿಂದೆ ಅವ್ವ, ಏದುಸಿರು ಬಿಡುತ್ತಾ.

"ಏನಾತು? ಆನೆ ಬಂತಾ? ನೀನೇನ್ ನೀರಿಗೆ ಬಿದ್ದೆಯಾ?"

"ಏನೂ ಆಗಿಲ್ಲ ಅವ್ವ. ಎಂಜಿನ್ ಆರಿಸಿದೆ, ಅಷ್ಟೇ."

"ಹೇಳಿ ಆರಿಸಕ್ಕೆ ಏನಾಗಿತ್ತು ನಿಂಗೆ? ಆ ಸದ್ದು ಕೇಳ್ಕಂಡೇ ನಾವು ಎರಡು ವರ್ಷ ಬಗ್ಗಿ ಕೆಲಸ ಮಾಡಿದ್ದು. ನಿಂತುಹೋದ್ರೆ ನೀ ಬಿಟ್ಟು ಹೋದೆ ಅಂದ್ಕಳಲ್ವಾ?" ಎಂದು ಎಲ್ಲರ ಎದುರಿಗೆ ಬೈದಳು. ಬೈದು, ಸುಧಾರಿಸಿಕೊಂಡು, ಎಲ್ಲರನ್ನೂ ಕರೆದುಕೊಂಡು ಮತ್ತೆ ಹತ್ತಿ ಹೋದಳು.

ಆ ಗಡಿಬಿಡಿಯಲ್ಲಿ ಒಬ್ಬಳು ಕುಡುಗೋಲನ್ನು ದೋಣಿಯ ಅಂಚಿನ ಮೇಲೆಯೇ ಬಿಟ್ಟು ಹೋಗಿದ್ದಳು. ಅದನ್ನು ತೆಗೆದುಕೊಂಡು, ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಾನು ಮೊದಲ ಸಲ ಆ ಗುಡ್ಡ ಹತ್ತಿದೆ.