ಅಡಿಲೇಡಿನ ಪುಡಿ, ಬ್ರಿಸ್ಬೇನಿನ ಹೆಸರು

ನನ್ನ ತಂಗಿ ಸುಮಾ ಮಾಡುತ್ತಿದ್ದ ಬಿಸಿಬೇಳೆಬಾತಿನ ಪುಡಿ ಅವಳದೇ ಎಂದು ನಾನು ಒಬ್ಬರಿಗೂ ಹೇಳಲಿಲ್ಲ. ಇವತ್ತು ಅವಳು ಕಳಿಸಿದ ಪೊಟ್ಟಣ ಬಿಚ್ಚಿದಾಗ ಚಕ್ಕೆ, ಮರಾಠಿ ಮೊಗ್ಗಿನ ಘಮ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನ ಈ ಅಡುಗೆಮನೆ ತುಂಬಿತು. ನಿಮಗಾದರೂ ಹೇಳಿಬಿಡೋಣ ಅನ್ನಿಸಿತು.

ಕೆಲವು ವರ್ಷಗಳ ಹಿಂದಿನ ಮಾತು. ಸುಮಾ ಅಡಿಲೇಡಿನಲ್ಲಿ ಹುರಿದು, ಪುಡಿ ಮಾಡಿ ಬ್ರಿಸ್ಬೇನಿಗೆ ಕಳಿಸುವಳು. ನಾನು ನನ್ನ ಹೆಸರಿನ ಚೀಟಿ ಅಂಟಿಸಿ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿದ್ದ ಕನ್ನಡದ ಮನೆಗಳಿಗೆ ಕಳಿಸುವೆ. ಭೂಪಟ ನೋಡಿದವರಿಗೆ ಗೊತ್ತು, ಅಡಿಲೇಡ್ ಇರುವುದು ಬ್ರಿಸ್ಬೇನಿಗೂ ಪರ್ತ್‌ಗೂ ನಡುವೆ. ಆದರೂ ಪುಡಿ ಮೊದಲು ಹಿಂದಕ್ಕೆ ಬಂದು ನನ್ನ ಮುಖ ನೋಡಿಯೇ ಹೋಗಬೇಕಿತ್ತು. ನಾನು ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿದವಳು. ಓದಿದ ಹೆಣ್ಣುಮಕ್ಕಳು "ಆಂಟಿ, ಏನ್ ಕೈರುಚಿ ನಿಮ್ದು" ಎಂದರೆ ಎರಡು ದಿನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಒಮ್ಮೆ ಸುಮಾ ಕೇಳಿದಳು: "ಅಕ್ಕ, ಪರ್ತ್‌ಗೆ ನಾನೇ ಕಳಿಸ್ಲಾ? ನನ್ ಹೆಸ್ರು ಹಾಕ್ಕೊಂಡು?"

"ನಿಂಗ್ಯಾಕೆ ಆ ತಲೆನೋವು? ನಾನಿದೀನಲ್ಲ."

"ಸರಿ ಬಿಡು," ಎಂದಳು. ಆಮೇಲೆ ಪುಡಿ ಬರುತ್ತಿತ್ತು, ಫೋನು ಬರುತ್ತಿರಲಿಲ್ಲ.

ಆ ದಿನಗಳಲ್ಲೇ ಮಗಳು ಮೇಘಾ ಊಟದ ಮೇಜಿನ ಮೇಲೆ ಇತಿಹಾಸದ ಪಾಠ ಹರಡಿಕೊಂಡಿದ್ದಳು. ಇಂಗ್ಲೆಂಡಿನ ಕೈಕೆಳಗಿದ್ದ ಅಮೆರಿಕದ ವಸಾಹತುಗಳ ಪಾಠ. ಅಲ್ಲಿಯ ಹೊಗೆಸೊಪ್ಪು ಯಾವ ದೇಶಕ್ಕೆ ಬೇಕಾದರೂ ಮೊದಲು ಇಂಗ್ಲೆಂಡಿಗೆ ಹೋಗಿಯೇ ಮುಂದಕ್ಕೆ ಹೋಗಬೇಕಂತೆ. ಒಂದು ವಸಾಹತಿನವರು ಮಾಡಿದ ಟೋಪಿಯನ್ನು ಪಕ್ಕದ ವಸಾಹತಿಗೂ ಕಳಿಸುವಂತಿಲ್ಲವಂತೆ.

"ಇದ್ಯಾವ ನ್ಯಾಯನೇ? ಮಾಡೋರು ಒಬ್ರು, ಮೆರೆಯೋರು ಇನ್ನೊಬ್ರಾ?" ಎಂದೆ.

ಮೇಘಾ ಪುಸ್ತಕದಿಂದ ತಲೆ ಎತ್ತಲಿಲ್ಲ. "ಅಮ್ಮಾ, ಯೂ ಡೂ ದಟ್ ಟು ಸುಮಾ ಚಿಕ್ಕಮ್ಮ."

ಮೊದಲು ನಗು ಬಂತು, ಆಮೇಲೆ ನಿಂತಿತು. ಆ ಸರ್ಕಾರಕ್ಕಾದರೂ ಹಡಗು, ಸುಂಕದ ಕಟ್ಟೆ, ಸಿಪಾಯಿಗಳು ಬೇಕಾಗಿದ್ದರು. ನನಗೆ ಅಕ್ಕ ಅನ್ನಿಸಿಕೊಂಡಿದ್ದೇ ಸಾಕಾಗಿತ್ತು.

ಮರುದಿನವೇ ಸುಮಾಗೆ ಫೋನು ಮಾಡಿ, "ಇನ್ಮೇಲೆ ನೀನೇ ಕಳಿಸ್ಕೊಳ್ಳೇ, ನಂಗೆ ಕೈನೋವು" ಎಂದೆ. ಪರ್ತ್‌ನವರಿಗೆ, "ತಂಗಿಗೆ ಕಲಿಸಿಕೊಟ್ಟಿದೀನಿ" ಎಂದೆ. ರಾಜ್ಯ ಬಿಟ್ಟೆ, ಕಿರೀಟ ಬಿಡಲಿಲ್ಲ. ಸುಮಾಳ ಚೀಟಿ ಅಂಟಿದ ಪುಡಿ ಈಗ ನೇರವಾಗಿ ಪರ್ತ್‌ಗೆ ಹೋಗುತ್ತದೆ. ಅವಳು ಮೊದಲಿನಂತೆ ಫೋನು ಮಾಡುತ್ತಾಳೆ, ನಗುತ್ತಾಳೆ. ನಾವು ಚೆನ್ನಾಗಿಯೇ ಇದ್ದೇವೆ.

ಇವತ್ತೂ ಫೋನು ಮಾಡಿದಳು. "ಪುಡಿ ಬಂತಾ? ಕೈ ಹೇಗಿದೆ ಅಕ್ಕ? ಎಣ್ಣೆ ಹಚ್ಕೋತಿದೀಯಾ?"

ಇಷ್ಟು ವರ್ಷವಾದರೂ ಕೇಳುವುದನ್ನು ಬಿಟ್ಟಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ.

"ಸುಮಾ, ನನ್ ಕೈಗೆ ಏನೂ ಆಗಿರ್ಲಿಲ್ಲ ಕಣೇ. ನಿನ್ ಪುಡಿಗೆ ನನ್ ಹೆಸ್ರು ಹಾಕ್ಕೊಂಡು ಮೆರೆದೆ. ನಾನೇ ಕಲಿಸ್ದೆ ಅಂತ ಬೇರೆ ಹೇಳ್ದೆ. ತಪ್ಪಾಯ್ತು, ಕ್ಷಮಿಸ್ಬಿಡು."