ಮಿಸ್ ಇಂಗಾ ಕೇಳಿದ ಪ್ರಾರ್ಥನೆ

ನಿನ್ನೆ ಆಸ್ಟಿನ್‌ನ ನಮ್ಮ ಹಾಸ್ಟೆಲ್ಲಿಗೆ ನನ್ನ ಹೆಸರಿಗೊಂದು ಪಾರ್ಸೆಲ್ ಬಂತು. ಬಿಚ್ಚುವ ಮೊದಲೇ ಏಲಕ್ಕಿಯ ಘಮ ಕಾರಿಡಾರ್ ಪೂರ್ತಿ ಓಡಾಡಿ, ಮೇಲಿನ ಮಹಡಿಯ ಗುಜರಾತಿ ಹುಡುಗಿಯರನ್ನು ಕೆಳಗಿಳಿಸಿಕೊಂಡು ಬಂತು. ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಿಂದ ಅಮ್ಮ ಹೋಳಿಗೆ ಕಳಿಸಿದ್ದಾಳೆ ಎಂದೇ ಅವರ ಅಂದಾಜು. ಕಳಿಸಿದವರು ನಾರ್ವೆಯವರು. ಸರಿ, ನಾರ್ವೆಯಿಂದ ಬಂದವರ ಮೊಮ್ಮಗಳು. ನಾರ್ವೆಗೂ ಏಲಕ್ಕಿಗೂ ಏನು ನಂಟು ಎಂದು ಕೇಳಬೇಡಿ. ಅವರ ಹಬ್ಬದ ಬ್ರೆಡ್ಡಿಗೆ ಅದು ಬೀಳಲೇಬೇಕಂತೆ. ಬ್ರೆಡ್ಡಿನ ಜೊತೆ ಒಂದು ಕಾಗದವೂ ಇತ್ತು. ಅದನ್ನು ಓದಿ ಕೈಯಲ್ಲಿದ್ದ ಬ್ರೆಡ್ಡನ್ನು ಡಬ್ಬಿಗೆ ವಾಪಸ್ ಇಟ್ಟೆ. ಯಾಕೆಂದು ತಿಳಿಯಲು ನೀವು ನನ್ನ ಜೊತೆ ಆರು ವರ್ಷ ಹಿಂದಕ್ಕೆ ಬರಬೇಕು.

ನನಗಾಗ ಹನ್ನೆರಡು. ಬದುಕಿನ ಏಕೈಕ ಶತ್ರು ಅಮ್ಮನ ಭಾನುವಾರದ ಕನ್ನಡ ಕ್ಲಾಸ್. ನಮ್ಮ ಅಪಾರ್ಟ್‌ಮೆಂಟಿನ ಊಟದ ಟೇಬಲ್ಲೇ ಶಾಲೆ. ಒಂಬತ್ತು ಮಕ್ಕಳು ಸಾಕರ್ ಸೀಸನ್ ಬಂದದ್ದೇ ಮೂವರಾದರು. ಅದರಲ್ಲಿ ಒಬ್ಬಳು ನಾನು, ಓಡಿಹೋಗಲು ದಾರಿಯಿಲ್ಲದವಳು. ಎಷ್ಟು ತಿಂಗಳಾದರೂ ನಾವು ಕಾಗುಣಿತ ದಾಟಿರಲಿಲ್ಲ. ಮೈಸೂರಿನಲ್ಲಿ ಟೀಚರ್ ಆಗಿದ್ದ ಅಮ್ಮ ಒಂದು ಸಂಜೆ ಅಪ್ಪನಿಗೆ, "ಡಿಸೆಂಬರ್‌ಗೆ ಕ್ಲಾಸ್ ನಿಲ್ಲಿಸ್ಬಿಡ್ತೀನಿ. ಯಾರಿಗೂ ಬೇಡವಾದ್ದನ್ನ ಎಷ್ಟು ದಿನ ಅಂತ ಮಾಡ್ಲಿ?" ಅನ್ನುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಇಂಥದ್ದಕ್ಕೆ ನನ್ನ ಕಿವಿ ಬಾವಲಿಯದು.

ಅದೇ ವಾರ ಅಪ್ಪನ ಆಫೀಸಿನ ಕಾರ್ಲ್ ಅಂಕಲ್ ತಮ್ಮ ಹಳ್ಳಿಯ ಚರ್ಚಿನ ವರ್ಷದ ಊಟಕ್ಕೆ ನಮ್ಮನ್ನು ಕರೆದರು. "ಆಲೂಗಡ್ಡೆ ರೊಟ್ಟಿ ಇರತ್ತಂತೆ" ಎಂದದ್ದೇ ಅಪ್ಪ ಕಾರು ತೆಗೆದರು. ಡಾಲಸ್ ದಾಟಿ ದಕ್ಷಿಣಕ್ಕೆ ಎರಡು ತಾಸು. ಆಮೇಲೆ ಹೆದ್ದಾರಿ ಬಿಟ್ಟರೆ ಬರೀ ದನಗಳು. ಆ ದಾರಿಯಲ್ಲಿ ವರ್ಷಕ್ಕೆ ಒಂದೇ ಕಾರು ಬರುವುದೆಂದೂ, ಈ ವರ್ಷದ್ದು ನಮ್ಮದೆಂದೂ ದನಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ದಿಬ್ಬದ ಮೇಲೆ ಬಿಳಿ ಚರ್ಚು, ಪಕ್ಕದಲ್ಲಿ ಊಟದ ಹಾಲ್. ಅಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಅಪ್ಪನೂ ಬಿಟ್ಟರು. ನಾನೂ ಬಿಟ್ಟೆ, ಹರಿದ ಸಾಕ್ಸಿನಿಂದ ನನ್ನ ಹೆಬ್ಬೆರಳು ಟೆಕ್ಸಸ್ ನೋಡಿತು. ಆಗ ಅಡುಗೆಮನೆಯಿಂದ ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಂದರು. ಕಾರ್ಲ್ ಅಂಕಲ್‌ನ ಸೋದರತ್ತೆ, ಮಿಸ್ ಇಂಗಾ. ನಮ್ಮ ಪಾದಗಳನ್ನು ನೋಡಿದರು, ಕುರ್ಚಿ ಎಳೆದು ಕೂತು ತಮ್ಮ ಶೂನೂ ಕಳಚಿದರು. "ಬೆಳಗಿಂದ ಕಾಲು ಕಚ್ಚುತ್ತಿತ್ತು. ಒಂದು ನೆಪ ಬೇಕಿತ್ತು ನೋಡು" ಎಂದರು ತಮ್ಮ ಇಂಗ್ಲಿಷಿನಲ್ಲಿ.

ರೊಟ್ಟಿಯ ಹೆಸರು ಲೆಫ್ಸೆ. ಗೀರುಗೀರಿನ ಲಟ್ಟಣಿಗೆ, ಮಗುಚಲು ಮೊಳದುದ್ದದ ಮರದ ಪಟ್ಟಿ. ಅಮ್ಮನಿಗೆ ನೋಡುತ್ತ ನಿಲ್ಲಲಾಗಲಿಲ್ಲ. ಸೆರಗು ಸಿಕ್ಕಿಸಿ ಇಳಿದೇಬಿಟ್ಟಳು. ಒಬ್ಬಟ್ಟು ತಟ್ಟಿದ ಕೈ. ಅವಳು ಲಟ್ಟಿಸಿದ ರೊಟ್ಟಿಯ ಹಿಂದೆ ಹಾಡಿನ ಪುಸ್ತಕ ಇಟ್ಟರೆ ಆರಾಮಾಗಿ ಓದಬಹುದಿತ್ತು. ನಾನು ಎರಡು ಪುಟ ಓದಿದೆ.

ರೊಟ್ಟಿ ಮಗುಚುತ್ತ ಮಿಸ್ ಇಂಗಾ ಊರಿನ ಕಥೆ ಹೇಳಿದರು. ಅಜ್ಜ ಬಂದಾಗ ಚರ್ಚೇ ಇರಲಿಲ್ಲವಂತೆ. ಯಾರದೋ ಮರದ ಮನೆಯಲ್ಲಿ ಸೇರುವುದು, ಪಾದ್ರಿ ಕುದುರೆ ಏರಿ ಬಂದಾಗಲೇ ಭಾನುವಾರ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ಎಲ್ಲವೂ ನಾರ್ವೆಯ ಮಾತಿನಲ್ಲಿ. ಆಮೇಲೆ ಆ ಮಾತಿನ ಪ್ರಾರ್ಥನೆ ತಿಂಗಳಿಗೊಮ್ಮೆ ಮಾತ್ರ ಆಯಿತು. ಆಮೇಲೆ ಮಕ್ಕಳಿಗೆ ತಿಳಿಯುವುದಿಲ್ಲವೆಂದು ಅದೂ ನಿಂತಿತು.

ನನಗೆ ಇನ್ನೇನು ಬೇಕು? ಮಿಸ್ ಇಂಗಾಗೆ ತಿಳಿಯದಿರಲೆಂದು ಕನ್ನಡದಲ್ಲೇ ಹೇಳಿದೆ. ಕನ್ನಡ ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಅಮ್ಮಾ, ಕೇಳಿಸ್ಕೊಂಡ್ಯಾ? ಅವರೇ ಬಿಟ್ಬಿಟ್ರು. ನಾವು ಅಷ್ಟು ವರ್ಷ ಕಾಯೋದ್ಯಾಕೆ? ಈಗ್ಲೇ ಬಿಟ್ರೆ ಟೈಮ್ ಉಳಿಯತ್ತೆ."

ಅಮ್ಮನ ಮುಂದಿದ್ದ ರೊಟ್ಟಿ ಮಧ್ಯಕ್ಕೆ ಹರಿಯಿತು. ಅವಳ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಊಟಕ್ಕೆ ಮೊದಲು ಎಲ್ಲರೂ ಎದ್ದರು. ಮಿಸ್ ಇಂಗಾ ಏನೋ ಶುರುಮಾಡಿದರು. ಇಡೀ ಹಾಲ್ ದನಿಗೂಡಿಸಿತು. ನಾರ್ವೆಯ ಮಾತು. ಟೋಪಿ ಎದೆಗೊತ್ತಿಕೊಂಡ ದನಗಾಹಿಗಳಿಗೂ ಬಾಯಿಗೆ ಬರುತ್ತಿತ್ತು, ನನಗಿಂತ ಚಿಕ್ಕವರಿಗೂ ಬರುತ್ತಿತ್ತು.

"ಅದಕ್ಕೇನರ್ಥ?" ಎಂದು ಮಿಸ್ ಇಂಗಾರನ್ನು ಕೇಳಿದೆ.

"ಒಂದೊಂದೇ ಪದ ಹಿಡಿದು ಕೇಳಿದರೆ ನನಗೂ ಗೊತ್ತಿಲ್ಲ ಮಗು. ಹೇಳದಿದ್ದರೆ ಮಾತ್ರ ಈ ರೊಟ್ಟಿ ಗಂಟಲಲ್ಲಿ ಇಳಿಯೋದಿಲ್ಲ." ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಈಗ ನಿಮ್ಮದು ಹೇಳು" ಎಂದರು.

ಇಡೀ ಹಾಲ್ ತಲೆ ತಗ್ಗಿಸಿತು. ಕಡಿಮೆಯೆಂದರೂ ಒಂದು ಲಕ್ಷ ಜನ. ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಹೇಳುವುದು ಒಂದೇ: "ಸಾರು ಆರೋಗತ್ತೆ, ಆ ಟಿವಿ ಆರಿಸು." ನಾನು ಕಣ್ಣು ಮುಚ್ಚಿದೆ. ಬಾಯಿಪಾಠ ಬರುತ್ತಿದ್ದದ್ದನ್ನು ಹೇಳಿದೆ.

"ಕ ಕಾ ಕಿ ಕೀ ಕು ಕೂ..."

ಎಷ್ಟು ಭಕ್ತಿಯಿಂದ ಎಂದರೆ, "ಕಂ ಕಃ" ಬರುವಷ್ಟರಲ್ಲಿ ನನಗೇ ಮೈ ಜುಮ್ಮೆಂದಿತು. ಆ ಉತ್ಸಾಹದಲ್ಲಿ ಗ ಬಳ್ಳಿಯವರೆಗೂ ಹೋದೆ. ಮಿಸ್ ಇಂಗಾ ಕಣ್ಣೊರೆಸಿಕೊಂಡು ಆಮೆನ್ ಎಂದರು. ಹಾಲ್ ಆಮೆನ್ ಎಂದಿತು. ಅಪ್ಪನೂ ಆಮೆನ್ ಎಂದರು. ಅಮ್ಮ ನ್ಯಾಪ್ಕಿನ್ನಿನಲ್ಲಿ ಮುಖ ಮುಚ್ಚಿಕೊಂಡಿದ್ದಳು; ಭುಜ ಅಲುಗುತ್ತಿತ್ತು.

ವಾಪಸ್ ಬರುವಾಗ ಡಾಲಸ್ಸಿನ ದೀಪಗಳು ಕಾಣತೊಡಗಿದವು. ಮುಂದಿನ ಸೀಟಿನಿಂದ ಅಮ್ಮನ ದನಿ ಬಂತು.

"ಕೃ ಬಿಟ್ಟೆ ನೀನು."

"ಹಾಂ?"

"ಕೂ ಆದ್ಮೇಲೆ ಕೃ. ಭಾನುವಾರ ಮೊದಲಿಂದ ಹೇಳ್ಬೇಕು."

ಕ್ಲಾಸ್ ಡಿಸೆಂಬರಿಗೆ ನಿಲ್ಲಲಿಲ್ಲ.

ಈಗ ಕಾಗದಕ್ಕೆ ಬನ್ನಿ. ಮಿಸ್ ಇಂಗಾರದೇ ಕೈಬರಹ. "ನಿನ್ನ ಪ್ರಾರ್ಥನೆಯ ಮೊದಲ ಸಾಲು ಅಂದೇ ಬರೆದಿಟ್ಟುಕೊಂಡಿದ್ದೆ, ಪ್ರತಿ ವರ್ಷದ ಊಟದಲ್ಲೂ ನಮ್ಮದಾದ ಮೇಲೆ ಅದನ್ನೂ ಹೇಳುತ್ತೇವೆ" ಎಂದು ಬರೆದಿದ್ದಾರೆ. "ನನಗೀಗ ತೊಂಬತ್ತರ ಹತ್ತಿರ. ಒಂದು ಪ್ರಾರ್ಥನೆಯ ಅರ್ಥವಾದರೂ ತಿಳಿದುಕೊಂಡು ಹೋಗೋಣ ಅನ್ನಿಸಿದೆ."

ನಾಲ್ಕು ಸೊಗಸಾದ ಅರ್ಥಗಳನ್ನು ಕಟ್ಟಿದೆ. ಒಂದರಲ್ಲಿ ಕಾವೇರಿಯೂ ಇದ್ದಳು. ನಾಲ್ಕನ್ನೂ ಹರಿದೆ. ಕೊನೆಗೆ ಬರೆದದ್ದು ಇಷ್ಟು: "ಮಿಸ್ ಇಂಗಾ, ಅದು ಪ್ರಾರ್ಥನೆ ಅಲ್ಲ. ನಮ್ಮಲ್ಲಿ ಓದು ಕಲಿಯುವ ಮಕ್ಕಳು ಮೊದಲು ಹೇಳುವ ಪಾಠ. ಆಗ ನನಗೆ ಬರುತ್ತಿದ್ದದ್ದು ಅಷ್ಟೇ. ಅದರಲ್ಲೂ ಒಂದು ಅಕ್ಷರ ಬಿಟ್ಟಿದ್ದೆ. ಈ ಸಲದ ಊಟಕ್ಕೆ ಬಂದು ಸರಿಮಾಡುತ್ತೇನೆ. ಅಮ್ಮನ ಕ್ಲಾಸಿನ ಮಕ್ಕಳು ಈಗ ಹದಿನಾಲ್ಕು ಜನ, ಅವರನ್ನೂ ಕರೆತರಲೇ? ಎಲ್ಲರೂ ಶೂ ಬಾಗಿಲಲ್ಲೇ ಬಿಡುತ್ತಾರೆ."